ಮೈಸೂರಿನ ಭಾನುವಾರದ ಫೋಟೊ ಕೂಟ: ಇನ್ನೂರು ರೂಪಾಯಿಗೆ ನೇರ ಮಾತು

ನೀವು ಹವ್ಯಾಸಕ್ಕೆ ಫೋಟೊ ತೆಗೆಯುವವರಾಗಿದ್ದು, ಮೈಸೂರಿನಲ್ಲೋ ಸುತ್ತಮುತ್ತಲೋ ಇದ್ದರೆ, ತಿಂಗಳಿಗೊಂದು ಭಾನುವಾರ ಇಲ್ಲಿ ನಡೆಯುವ ಫೋಟೊ ವಿಮರ್ಶೆ ಕೂಟಕ್ಕೆ ಹೋಗಿ ಬನ್ನಿ. ಫೀಸು ಇನ್ನೂರು ರೂಪಾಯಿ, ಕಾಫಿ ಸೇರಿ. ಬೆಳಗ್ಗೆ ಹತ್ತಕ್ಕೆ ಶುರುವಾದರೆ ಒಂದು ಗಂಟೆಗೆ ಮುಗಿಯಬೇಕು, ಒಂದೂವರೆ ಆಗಿಯೇ ಆಗುತ್ತದೆ. ಒಂದು ಮನೆಯ ಮಹಡಿ ಮೇಲಿನ ಹಾಲು, ಹೊರಗೆ ಬೋರ್ಡ್ ಇಲ್ಲ, ಕೂಟಕ್ಕೆ ಹೆಸರೂ ಇಲ್ಲ. ನಡೆಸುವವರು ನಿವೃತ್ತ ಶಿಕ್ಷಕರು, ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಾರೆ. ಹಾಲಿನಲ್ಲಿ ಇಪ್ಪತ್ತು ಕುರ್ಚಿಗಿಂತ ಜಾಸ್ತಿ ಹಿಡಿಯಲ್ಲ, ಅದಕ್ಕೇ ಹೆಸರು ವಿಳಾಸ ಎಲ್ಲೂ ಹಾಕಬೇಡಿ ಎಂದಿದ್ದಾರೆ. ಪ್ರಿಂಟ್ ಹಾಕುವ ಲ್ಯಾಬ್‌ಗಳಲ್ಲಿ ವಿಚಾರಿಸಿದರೆ ಯಾರಾದರೂ ನಂಬರ್ ಕೊಡುತ್ತಾರೆ. ನಾನು ಸುಮಾರು ಸಲ ಹೋಗಿದ್ದೇನೆ, ಮೆಚ್ಚಿದ್ದೂ ಇದೆ, ಸರಿಬೀಳದ್ದೂ ಇದೆ, ಎರಡನ್ನೂ ಬರೆಯುತ್ತೇನೆ.

ಮೊದಲು ಇಂಥದ್ದು ಯಾಕೆ ಬೇಕು ಅಂದರೆ, ಹವ್ಯಾಸಿಗಳಿಗೆ ತಮ್ಮ ಫೋಟೊ ಬಗ್ಗೆ ಸರಿಯಾದ ಮಾತು ಎಲ್ಲೂ ಸಿಗುವುದಿಲ್ಲ. ವಾಟ್ಸಾಪ್‌ನಲ್ಲಿ ಹಾಕಿ ನೋಡಿ, "ಸೂಪರ್ ಸಾರ್", "ನೈಸ್ ಕ್ಲಿಕ್", ಎರಡು ಚಪ್ಪಾಳೆ, ಅಷ್ಟೇ. ಮನೆಯವರು ಚೆನ್ನಾಗಿದೆ ಅನ್ನುತ್ತಾರೆ, ಅವರು ಹಾಗೆ ಅನ್ನಬೇಕಾದ್ದೇ. ದುಡ್ಡು ಕೊಟ್ಟು ಕೇಳೋಣ ಅಂದರೆ ಅದೂ ಕಷ್ಟ. ಆನ್‌ಲೈನಿನಲ್ಲಿ ಫೋಟೊ ವಿಮರ್ಶೆ ಮಾಡಿಕೊಡುವ ಒಂದು ಕಂಪನಿಗೆ ನಾನು ಎರಡೂವರೆ ಸಾವಿರ ಕಟ್ಟಿ ಹತ್ತು ಫೋಟೊ ಕಳಿಸಿದ್ದೆ. ಬಂದದ್ದು ನಾಲ್ಕು ನಿಮಿಷದ ಒಂದು ಆಡಿಯೊ. "ಕಾಂಪೊಸಿಷನ್ ಮೇಲೆ ಇನ್ನೂ ಗಮನ ಕೊಡಿ, ಫೋಟೊ ಕತೆ ಹೇಳಬೇಕು, ಬೆಳಕನ್ನು ಅರ್ಥ ಮಾಡಿಕೊಳ್ಳಿ." ಇದನ್ನು ಯಾರ ಫೋಟೊಗೆ ಬೇಕಾದರೂ ಹೇಳಬಹುದು, ಫೋಟೊ ನೋಡದೆಯೂ ಹೇಳಬಹುದು. ಹತ್ತರಲ್ಲಿ ಒಂದು ಫೋಟೊದ ಒಂದು ಮೂಲೆಯ ಬಗ್ಗೆಯೂ ಮಾತಿಲ್ಲ. ಹೊಗಳಿಕೆ ಆಗಲಿ ಟೀಕೆ ಆಗಲಿ, ಅದು ಈ ಒಂದು ಫೋಟೊದ ಬಗ್ಗೆ ಇರದಿದ್ದರೆ ತೆಗೆದವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಮೇಷ್ಟ್ರ ಕೂಟದಲ್ಲಿ ಇದಕ್ಕೆಂದೇ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಪರದೆ ಮೇಲೆ ಫೋಟೊ ಬರುತ್ತದೆ, ಒಂದು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಯಾರ ಫೋಟೊ, ಯಾವ ಕ್ಯಾಮೆರಾ, ಎಲ್ಲಿ ತೆಗೆದದ್ದು, ಯಾವುದನ್ನೂ ಕೇಳುವ ಹಾಗಿಲ್ಲ. ಆಮೇಲೆ ಒಬ್ಬೊಬ್ಬರೇ ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು ಅನ್ನುವುದನ್ನಷ್ಟೇ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಮಾತು ಈ ಸುತ್ತಿನಲ್ಲಿ ಇಲ್ಲ. ಕೈಯಲ್ಲಿ ಲೇಸರ್ ಪಾಯಿಂಟರ್ ಇರುತ್ತದೆ, ಹೇಳುವವರು ಜಾಗ ತೋರಿಸಿಯೇ ಹೇಳಬೇಕು. ಯಾರಾದರೂ "ಪಂಚ್ ಇಲ್ಲ ಸಾರ್" ಎಂದರೆ ಮೇಷ್ಟ್ರು ಸುಮ್ನೆ ಪಾಯಿಂಟರ್ ಮುಂದೆ ಚಾಚುತ್ತಾರೆ. ತೋರಿಸಲು ಆಗದಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು. ಈ ಸುತ್ತು ಮುಗಿಯುವವರೆಗೆ ಫೋಟೊ ತೆಗೆದವರು ಬಾಯಿ ಬಿಡುವಂತಿಲ್ಲ. ನಂತರ ಅವರು ತಾವು ಏನು ತೋರಿಸಬೇಕೆಂದುಕೊಂಡಿದ್ದರು ಎಂದು ಹೇಳುತ್ತಾರೆ. ಕೊನೆಗೆ ಎರಡು ಸಲಹೆ: ಈಗ ಇರುವ ಫೈಲಿನಲ್ಲೇ ಏನು ಸರಿ ಮಾಡಬಹುದು, ಮುಂದಿನ ಸಲ ಅದೇ ಜಾಗಕ್ಕೆ ಹೋದರೆ ಏನು ಬೇರೆ ಮಾಡಬಹುದು.

ಕೇಳುವುದಕ್ಕೆ ಸಣ್ಣ ವಿಷಯ ಅನಿಸಬಹುದು. ಒಂದು ಫೋಟೊ ಹೇಳುತ್ತೇನೆ, ಆಗ ಗೊತ್ತಾಗುತ್ತದೆ.

ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಒಬ್ಬ ಯಜಮಾನರ ಫೋಟೊ. ಮಾರ್ಕೆಟ್ಟಿನಲ್ಲಿ ಕ್ಯಾಮೆರಾ ಹಿಡಿದ ಯಾರೂ ಕುಂಕುಮದ ಗುಡ್ಡೆ ಮತ್ತು ಹೂವಿನ ಸಾಲು ಬಿಟ್ಟು ಬರುವುದಿಲ್ಲ, ಇದೂ ಅಂಥದ್ದೇ. ಮಲ್ಲಿಗೆ ರಾಶಿ, ಹಿಂದೆ ಕತ್ತಲು, ಪಕ್ಕದಿಂದ ಬೆಳಕು, ನೋಡಿದ ಕೂಡಲೇ ಎಲ್ಲರೂ "ವಾವ್" ಅನ್ನುವಂಥ ಫೋಟೊ. ಸುತ್ತು ಶುರುವಾಯಿತು. ಮೊದಲ ಐದು ಜನರಲ್ಲಿ ನಾಲ್ವರ ಕಣ್ಣು ಮೊದಲು ಹೋಗಿದ್ದು ಬಲಗಡೆ ಮೇಲಿನ ಮೂಲೆಯಲ್ಲಿ ನೇತಾಡುತ್ತಿದ್ದ ಬಿಳಿ ಪ್ಲಾಸ್ಟಿಕ್ ಕವರಿಗೆ. ಆಮೇಲೆ ಮುಖಕ್ಕೆ, ಅಲ್ಲಿಂದ ಹೂವಿಗೆ. ಮುಖ ಸ್ವಲ್ಪ ನೀಲಿ ಕಾಣುತ್ತಿದೆ, ಹುಷಾರಿಲ್ಲದವರ ಹಾಗಿದ್ದಾರೆ ಅಂತ ಒಬ್ಬ ಹೆಂಗಸು ಹೇಳಿದರು. ತೆಗೆದ ಹುಡುಗನ ಸರದಿ ಬಂದಾಗ ಅವನು ಹೇಳಿದ್ದು, "ನನಗೆ ಅವರ ಬೆರಳು ತೋರಿಸ್ಬೇಕಿತ್ತು ಸಾರ್, ನೋಡದೇನೇ ಎಷ್ಟು ಸ್ಪೀಡಾಗಿ ಕಟ್ತಾರೆ ಅಂತ." ಹಾಲಿನಲ್ಲಿ ಒಬ್ಬರೂ ಬೆರಳಿನ ಮಾತೆತ್ತಿರಲಿಲ್ಲ.

ಅವನು ತೋರಿಸಬೇಕೆಂದದ್ದು ಒಂದು, ಅಲ್ಲಿ ಕೂತವರು ಕಂಡದ್ದು ಇನ್ನೊಂದು. ಯಾರೂ ಅವನಿಗೆ ಫೋಟೊ ಚೆನ್ನಾಗಿಲ್ಲ ಅಂತ ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ. ಆಮೇಲೆ ಬಂದ ಸಲಹೆಗಳು ಆ ಅಂತರದ ಸುತ್ತಲೇ ಇದ್ದವು. ಕವರ್ ಇರುವ ಮೂಲೆಯನ್ನು ಕ್ರಾಪ್ ಮಾಡಬಹುದು, ಅಥವಾ ಅಷ್ಟೇ ಜಾಗವನ್ನು ಕಪ್ಪು ಮಾಡಬಹುದು. ಮುಖದ ನೀಲಿ ಬಂದದ್ದು ಮೇಲೆ ಕಟ್ಟಿದ ನೀಲಿ ಟಾರ್ಪಾಲಿನಿಂದ, ಬಿಸಿಲು ಅದರ ಮೂಲಕ ಇಳಿದು ಬಂದಿದೆ, ವೈಟ್ ಬ್ಯಾಲೆನ್ಸನ್ನು ಬೆಚ್ಚಗಿನ, ಅಂದರೆ ಹಳದಿ ಕಡೆಗೆ ತಿರುಗಿಸಿದರೆ ಸುಮಾರು ಸರಿಹೋಗುತ್ತದೆ. ಮುಂದಿನ ಸಲ ಹೋದಾಗ ಎರಡು ಹೆಜ್ಜೆ ಹತ್ತಿರ ಹೋಗಿ, ಅವರ ಕೈ ಮಟ್ಟಕ್ಕೆ ಕೂತು, ಶಟರನ್ನು 1/30 ಸೆಕೆಂಡಿಗೋ 1/15ಕ್ಕೋ ಇಳಿಸಿ ತೆಗೆದರೆ ಮುಖ ನಿಂತಿರುತ್ತದೆ, ಬೆರಳು ಮಾತ್ರ ಮಸುಕಾಗಿ ಓಡುತ್ತದೆ. ಅವನು ತೆಗೆದದ್ದು 1/500ರಲ್ಲಿ. ಅಷ್ಟು ವೇಗದಲ್ಲಿ ಯಾವ ಬೆರಳಾದರೂ ಕಲ್ಲಿನ ಹಾಗೆ ನಿಂತುಬಿಡುತ್ತದೆ ಅಲ್ವಾ. ಹುಡುಗ ಎಲ್ಲವನ್ನೂ ಬರೆದುಕೊಂಡ. ಎರಡೂವರೆ ಸಾವಿರ ಕಟ್ಟಿದ ಕಡೆ ನನಗೆ ಇದರಲ್ಲಿ ಕಾಲು ಭಾಗವೂ ಸಿಕ್ಕಿರಲಿಲ್ಲ.

ಟೀಕೆ ಕೇಳಿಸಿಕೊಳ್ಳುವುದು ಇನ್ನೂ ಕಷ್ಟದ ಕೆಲಸ. ಬಾಯಿ ಮುಚ್ಚಿ ಕೂರಬೇಕು ಅನ್ನುವ ನಿಯಮಕ್ಕೆ ಹೊಸಬರು ಒದ್ದಾಡುವುದನ್ನು ನೋಡಿದ್ದೇನೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಅರಮನೆ ದೀಪದ ಫೋಟೊ ತಂದಿದ್ದರು. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುವ ಆ ನೋಟವನ್ನು ಮೈಸೂರಿನಲ್ಲಿ ತೆಗೆಯದವರಿಲ್ಲ. ಇವರ ಫೋಟೊದಲ್ಲಿ ಅರಮನೆ ಬರೀ ಹಳದಿ ಮುದ್ದೆ, ಆಕಾಶ ಬರೀ ಕಪ್ಪು, ಮುಂದೆ ಜನರ ತಲೆಗಳು. ಮೂರನೆಯವರು ಮಾತಾಡುವಷ್ಟರಲ್ಲಿ ಇವರಿಗೆ ತಡೆಯಲಾಗಲಿಲ್ಲ, "ಅಲ್ಲ ಸಾರ್, ಟ್ರೈಪಾಡ್ ಬಿಡಲಿಲ್ಲ, ಜನ ತಳ್ಳಾಡ್ತಿದ್ರು, ಮಗು ಬೇರೆ ಹೆಗಲ ಮೇಲಿತ್ತು." ಮೇಷ್ಟ್ರು ತಾಳ್ಮೆಯಿಂದ, "ಅದೆಲ್ಲ ನಿಜ ಸಾರ್. ಆದರೆ ಈ ಪರದೆ ಮೇಲೆ ಅದ್ಯಾವುದೂ ಕಾಣ್ತಿಲ್ಲ. ಕಾಣ್ತಿರೋದರ ಬಗ್ಗೆ ಮಾತಾಡೋಣ" ಎಂದರು. ಗದರಿದ್ದಲ್ಲ, ಆದರೂ ಅವರ ಮುಖ ಸ್ವಲ್ಪ ಸಪ್ಪಗಾಯಿತು.

ಆಮೇಲೆ ಸಿಕ್ಕಿದ ಸಲಹೆ ಮಾತ್ರ ಅಪ್ಪಟ ಮೈಸೂರಿನದ್ದು. ಭಾನುವಾರ ಅರಮನೆಯ ದೀಪ ಹತ್ತುವುದು ಸಂಜೆ ಏಳರ ಹೊತ್ತಿಗೆ. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಗೇ ಮುಳುಗಿರುತ್ತಾನೆ, ಏಳಕ್ಕೆ ಆಕಾಶದಲ್ಲಿ ಏನೂ ಉಳಿದಿರುವುದಿಲ್ಲ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ಏಳಕ್ಕೆ ಹತ್ತು ನಿಮಿಷ ಇದ್ದಾಗ. ದೀಪ ಹತ್ತಿದ ಮೊದಲ ಹದಿನೈದು ನಿಮಿಷ ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ, ಮೋಡ ದಟ್ಟವಾಗಿರದಿದ್ದರೆ ಗೋಪುರದ ಅಂಚು ಆ ನೀಲಿಯ ಮುಂದೆ ಸ್ಪಷ್ಟವಾಗಿ ಕಾಣುತ್ತದೆ. ಅದೇ ಫೋಟೊವನ್ನು ಜೂನ್‌ನ ಒಂದು ಭಾನುವಾರ ತೆಗೆಯಿರಿ, ಎಕ್ಸ್‌ಪೋಷರನ್ನು ಬಲ್ಬುಗಳಿಗೆ ಸರಿಯಾಗಿ ಇಳಿಸಿ, ಟ್ರೈಪಾಡ್ ಇಲ್ಲದಿದ್ದರೂ ನಡೆಯುತ್ತದೆ. ಅವರು ಮತ್ತೆ ಬಂದರು, ಹೊಸ ಫೋಟೊ ತಂದರು. ಸಪ್ಪಗಾಗಿ ಹೋದವರು ಮತ್ತೆ ಬರುತ್ತಾರೆ ಅನ್ನುವುದಕ್ಕಿಂತ ದೊಡ್ಡ ಸರ್ಟಿಫಿಕೇಟು ಈ ಕೂಟಕ್ಕೆ ಬೇಕಿಲ್ಲ.

ಎಲ್ಲ ಸಲವೂ ಹೀಗೆ ಒಮ್ಮತಕ್ಕೆ ಬರುತ್ತಾರೆ ಅಂದುಕೊಳ್ಳಬೇಡಿ. ನನಗೆ ತುಂಬ ಇಷ್ಟವಾದ ಒಂದು ಜಗಳ ಇದೆ. ಕಾಲೇಜಿನ ಒಬ್ಬ ಹುಡುಗಿ ತನ್ನ ಅಜ್ಜಿ ಶಾವಿಗೆ ಒತ್ತುವ ಫೋಟೊ ತಂದಿದ್ದಳು, ಮೊಬೈಲಿನಲ್ಲಿ ತೆಗೆದದ್ದು. ಅಡುಗೆಮನೆ ನೆಲದ ಮೇಲೆ ಶಾವಿಗೆ ಒರಳು, ಅಜ್ಜಿ ಇಡೀ ಮೈಭಾರ ಹಾಕಿ ಒತ್ತುತ್ತಿದ್ದಾರೆ, ಕುತ್ತಿಗೆಯ ನರ ಎದ್ದಿದೆ, ಹಿಂದೆ ಕೆಂಪು ಗ್ಯಾಸ್ ಸಿಲಿಂಡರ್. ಅನುಭವಿಗಳೊಬ್ಬರು ಕೂಡಲೇ, "ಸಿಲಿಂಡರ್ ತೆಗೆದುಬಿಡಮ್ಮ, ಅಥವಾ ಕ್ರಾಪ್ ಮಾಡು, ಡಿಸ್ಟ್ರ್ಯಾಕ್ಷನ್" ಎಂದರು. ಕೆಂಪು ಬಣ್ಣ ಕಣ್ಣನ್ನು ಎಳೆಯುತ್ತದೆ, ನಿಜ, ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ಮದುವೆ ಫೋಟೊಗ್ರಾಫರ್ ಒಬ್ಬರು ಒಪ್ಪಲಿಲ್ಲ. ಸಿಲಿಂಡರ್ ತೆಗೆದರೆ ಇದು ಕ್ಯಾಲೆಂಡರಿನ ಹಳ್ಳಿ ಅಜ್ಜಿ ಆಗಿಬಿಡುತ್ತಾರೆ, ಈಗ ಇದು ನಮ್ಮ ಮನೆ ಅಜ್ಜಿ, ಮೂರು ಮಿನಿಟಿಗೆ ನೂಡಲ್ಸ್ ಆಗುವ ಒಲೆ ಹಿಂದೇ ಇದೆ, ಆದರೂ ಇವರು ನೆಲದಲ್ಲಿ ಕೂತು ಒತ್ತುತ್ತಿದ್ದಾರೆ, ಫೋಟೊದ ಜೀವ ಇರುವುದೇ ಅಲ್ಲಿ ಅಂತ ಅವರ ವಾದ. ಇಬ್ಬರೂ ಬಿಟ್ಟುಕೊಡಲಿಲ್ಲ. ಅರ್ಧ ಹಾಲು ಆ ಕಡೆ, ಅರ್ಧ ಈ ಕಡೆ.

ಮೇಷ್ಟ್ರು ತೀರ್ಪು ಕೊಡಲಿಲ್ಲ. ಹುಡುಗಿಯನ್ನು ಕೇಳಿದರು, "ನೀನು ತೆಗೀವಾಗ ಸಿಲಿಂಡರ್ ನೋಡಿದ್ಯಾ ಅಮ್ಮ?" ನೋಡಿರಲಿಲ್ಲ. "ಹಾಗಾದ್ರೆ ಇನ್ನು ಮೇಲೆ ನೋಡು. ನೋಡಿ ಇಟ್ಕೊಂಡ್ರೆ ಅದು ನಿನ್ನದು." ನನಗೂ ಸಿಲಿಂಡರ್ ಇರಲಿ ಅನಿಸಿತು, ಈಗಲೂ ಅನಿಸುತ್ತದೆ, ಕೆಂಪನ್ನು ಸ್ವಲ್ಪ ತಗ್ಗಿಸಿದರೆ ಸಾಕು. ಆದರೆ ಹೊಸಬರಿಗೆ ಇಂಥ ಭಿನ್ನಾಭಿಪ್ರಾಯ ಕಣ್ಣೆದುರಿಗೆ ನಡೆಯುವುದು ಬಹಳ ಮುಖ್ಯ. ಒಬ್ಬರೇ ಗುರು ಒಬ್ಬರದೇ ಮಾತು ಅಂತಾದರೆ ಹುಡುಗಿ ಮನೆಗೆ ಹೋಗಿ ಸಿಲಿಂಡರ್ ಅಳಿಸಿಹಾಕಿರುತ್ತಿದ್ದಳು. ಇಲ್ಲಿ ಎರಡು ವಾದ ಕೇಳಿಸಿಕೊಂಡು ಹೋದಳು, ಏನು ಮಾಡಬೇಕು ಅನ್ನುವುದು ಅವಳ ಕೈಯಲ್ಲೇ ಉಳಿಯಿತು.

ಹಕ್ಕಿ ಫೋಟೊಗಳ ವಿಷಯಕ್ಕೆ ಬಂದರೆ ಕೂಟದ ಬಣ್ಣವೇ ಬದಲಾಗುತ್ತದೆ. ರಂಗನತಿಟ್ಟು ಇಷ್ಟು ಹತ್ತಿರ ಇದ್ದಮೇಲೆ ಅರ್ಧಕ್ಕರ್ಧ ಜನ ಹಕ್ಕಿ ಫೋಟೊಗಳನ್ನೇ ತರುತ್ತಾರೆ. ಇಲ್ಲಿ ತಾಂತ್ರಿಕ ಮಾತು ಜಾಸ್ತಿ, ಅದೂ ಒಳ್ಳೆಯ ಮಟ್ಟದ್ದು. ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಬಂದರೆ ಕ್ಯಾಮೆರಾದ ಮೀಟರು ಇಡೀ ಚೌಕಟ್ಟು ಕತ್ತಲಿದೆ ಎಂದುಕೊಂಡು ಬೆಳಕು ಏರಿಸುತ್ತದೆ, ರೆಕ್ಕೆಯ ಬಿಳಿ ಸುಟ್ಟುಹೋಗುತ್ತದೆ, ಹಾಗಾಗಿ ಮುಕ್ಕಾಲು ಅಥವಾ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ) ಇಳಿಸಿಕೊಂಡೇ ತೆಗೆಯಿರಿ ಅನ್ನುವುದು ಇಲ್ಲಿ ಪ್ರತಿ ತಿಂಗಳೂ ಯಾರಿಗಾದರೂ ಹೇಳುವ ಮಾತು. ನೀರಿಗೆ ಧುಮುಕುವ ರಿವರ್ ಟರ್ನ್‌ಗೆ 1/2000 ಸೆಕೆಂಡ್ ಇಟ್ಟುಕೊಳ್ಳಿ, ಕಣ್ಣಲ್ಲಿ ಬೆಳಕಿನ ಚುಕ್ಕೆ ಇದೆಯಾ ನೋಡಿ, ಹಿಂದಿನ ಕೊಂಬೆ ಹಕ್ಕಿಯ ತಲೆಯಿಂದಲೇ ಹೊರಟಂತೆ ಕಾಣುತ್ತಿದೆಯಾ ನೋಡಿ, ಹೀಗೆ.

ಒಮ್ಮೆ ಬಣ್ಣದ ಕೊಕ್ಕರೆಯ ಫೋಟೊದಲ್ಲಿ ಕೊಕ್ಕಿಗೆ ಅಡ್ಡ ಬಂದ ಒಂದು ಕಡ್ಡಿಯನ್ನು ಅಳಿಸಿಬಿಡಿ ಅಂತ ಯಾರೋ ಹೇಳಿದರು. ಸಲಾನ್‌ಗೆ, ಅಂದರೆ ಫೋಟೊ ಸ್ಪರ್ಧೆಗೆ, ಕಳಿಸುವವರು ಹಾಗೆ ಮಾಡಬಾರದು ಎಂದು ಮೇಷ್ಟ್ರು ವಿವರಿಸಿದ್ದು ಉಪಯೋಗಕ್ಕೆ ಬಂತು. ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿಯಾದ ಪಿಎಸ್ಎ, ಫೋಟೊ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್ಐಎಪಿ ಮತ್ತು ಇಂಗ್ಲೆಂಡಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ 2014ರಲ್ಲಿ ಒಟ್ಟಿಗೆ ಒಪ್ಪಿಕೊಂಡ ನೇಚರ್ (ಪ್ರಕೃತಿ ಫೋಟೊ) ವಿಭಾಗದ ನಿಯಮದ ಪ್ರಕಾರ, ಕ್ರಾಪ್ ಮಾಡಬಹುದೇ ಹೊರತು ಚಿತ್ರದೊಳಗಿನ ಯಾವುದನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ. ಸಲಹೆ ಕೊಡುವವರಿಗೆ ಈ ಫೋಟೊ ಎಲ್ಲಿಗೆ ಹೋಗುತ್ತಿದೆ ಅನ್ನುವುದು ಗೊತ್ತಿರಬೇಕು, ಮನೆ ಗೋಡೆಗೆ ಹಾಕುವವರಿಗೆ ಒಂದು ಸಲಹೆ, ಸ್ಪರ್ಧೆಗೆ ಕಳಿಸುವವರಿಗೆ ಇನ್ನೊಂದು. ಇನ್ನು ಗೂಡಿನ ಹತ್ತಿರಕ್ಕೆ ನುಗ್ಗಿ, ಎಲೆ ಸರಿಸಿ ತೆಗೆದ ಮರಿಗಳ ಫೋಟೊ ಬಂದರೆ ಈ ಕೂಟದಲ್ಲಿ ಅದರ ಚರ್ಚೆಯೇ ಇಲ್ಲ. ಪಕ್ಕಕ್ಕೆ ಇಡುತ್ತಾರೆ, ಯಾಕೆಂದು ಹೇಳುತ್ತಾರೆ. ಇದು ನನಗೆ ನೂರಕ್ಕೆ ನೂರು ಸರಿ ಅನಿಸಿದೆ.

ಮೇಷ್ಟ್ರಿಗೆ ಹಳಬರ ಮೇಲೆ ತುಂಬ ಗೌರವ. ವನ್ಯಜೀವಿ ಫೋಟೊಗ್ರಾಫರ್ ಟಿ.ಎನ್.ಎ. ಪೆರುಮಾಳ್ (1932–2017) ಒ.ಸಿ. ಎಡ್ವರ್ಡ್ಸ್ ಅವರಿಂದ ಕಲಿತದ್ದು, ಮುಂದೆ ಎಷ್ಟೋ ಕಿರಿಯರಿಗೆ ಕಲಿಸಿದ್ದು, ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಲ್ಲಿ ಶುರುವಾದದ್ದು, ಇವೆಲ್ಲ ಕಾಫಿ ಹೊತ್ತಿನ ಮಾತು. ಕರ್ನಾಟಕದಲ್ಲಿ ಕಾಡಿನ ಫೋಟೊಗ್ರಫಿ ಇಷ್ಟು ಬೆಳೆದದ್ದು ಹಿರಿಯರು ಕಿರಿಯರ ಪ್ರಿಂಟ್ ಕೈಯಲ್ಲಿ ಹಿಡಿದು ನೋಡಿ ತಿದ್ದಿದ್ದರಿಂದ ಎಂದು ಅವರು ನಂಬಿದ್ದಾರೆ. ಬಹುಶಃ ಅದಕ್ಕೇ ಕೊನೆಯ ಅರ್ಧ ಗಂಟೆ ಪ್ರಿಂಟ್‌ಗಳಿಗೆ ಮೀಸಲು.

ಈ ಅರ್ಧ ಗಂಟೆಗೇ ನಾನು ಹೋಗುವುದು ಅಂದರೂ ತಪ್ಪಿಲ್ಲ. ಪ್ರಿಂಟನ್ನು ಮೇಜಿನ ಮೇಲೆ ಇಡುತ್ತಾರೆ, ಎಲ್ಲರೂ ಸುತ್ತ ನಿಲ್ಲುತ್ತಾರೆ. ಮೇಷ್ಟ್ರ ಹತ್ತಿರ ಕಪ್ಪು ರಟ್ಟಿನಲ್ಲಿ ಕತ್ತರಿಸಿದ ಎರಡು ತುಂಡು ಇವೆ, ಇಂಗ್ಲಿಷಿನ ಎಲ್ ಆಕಾರದಲ್ಲಿ. ಎರಡನ್ನೂ ಎದುರುಬದುರು ಇಟ್ಟರೆ ಒಂದು ಚೌಕಟ್ಟು ಆಗುತ್ತದೆ, ಒಳಕ್ಕೂ ಹೊರಕ್ಕೂ ಸರಿಸಬಹುದು. ಎಡಗಡೆಯಿಂದ ಒಂದು ಇಂಚು ಮುಚ್ಚಿದರೆ ಏನಾಗುತ್ತದೆ, ಆಕಾಶ ಅರ್ಧ ಮುಚ್ಚಿದರೆ ಏನಾಗುತ್ತದೆ, ಕಣ್ಣೆದುರಿಗೇ ಕಾಣುತ್ತದೆ. ಬಾಯಲ್ಲಿ ಹತ್ತು ನಿಮಿಷ ವಿವರಿಸುವುದನ್ನು ರಟ್ಟು ಹತ್ತು ಸೆಕೆಂಡಿನಲ್ಲಿ ತೋರಿಸುತ್ತದೆ. ಫೋಟೊ ತೆಗೆದವರ ಕೈಗೇ ರಟ್ಟು ಕೊಟ್ಟು "ನೀವೇ ಸರಿಸಿ ನೋಡಿ" ಅನ್ನುತ್ತಾರೆ. ಆಗ ಯಾರೂ ವಾದಕ್ಕೆ ಇಳಿಯುವುದಿಲ್ಲ, ತಮ್ಮಷ್ಟಕ್ಕೆ ತಾವೇ "ಓ, ಇಲ್ಲಿ ನಿಲ್ಲಿಸ್ಬೇಕಿತ್ತು" ಅನ್ನುತ್ತಾರೆ. ನಾನೂ ಒಂದು ಜೊತೆ ಮಾಡಿಕೊಂಡಿದ್ದೇನೆ, ಮನೆಯಲ್ಲಿ ಕಂಪ್ಯೂಟರ್ ಪರದೆ ಮೇಲೂ ಹಿಡಿದು ನೋಡಬಹುದು.

ಈಗ ಸರಿಬೀಳದ್ದು. ಮೊದಲನೆಯದಾಗಿ ಪ್ರೊಜೆಕ್ಟರ್. ಹಳೆಯದು, ಕತ್ತಲಿನ ಭಾಗವನ್ನೆಲ್ಲ ಒಂದೇ ಕಪ್ಪು ಮಾಡಿಬಿಡುತ್ತದೆ. ಮನೆಯಲ್ಲಿ ನೆರಳಿನೊಳಗೆ ಚೆನ್ನಾಗಿ ಕಾಣುತ್ತಿದ್ದ ಸೀರೆಯ ಮಡಿಕೆ ಇಲ್ಲಿ ಮಾಯ. ಆಮೇಲೆ ಜನ "ನೆರಳು ತುಂಬ ಗಾಢ" ಅಂತ ಟೀಕಿಸುತ್ತಾರೆ, ಅದು ಫೋಟೊದ ತಪ್ಪಲ್ಲ. ಹೊಸದನ್ನು ತರಲು ಫೀಸು ಐವತ್ತು ರೂಪಾಯಿ ಏರಿಸಿದರೂ ಯಾರೂ ಬೇಡ ಅನ್ನುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದ್ದೇನೆ.

ಎರಡನೆಯದು ಸಮಯ. ಮೊದಲ ನಾಲ್ಕೈದು ಫೋಟೊಗಳಿಗೆ ತಲಾ ಇಪ್ಪತ್ತು ನಿಮಿಷ ಹೋಗುತ್ತದೆ, ಕೊನೆಯವರಿಗೆ ಮೂರು ನಿಮಿಷವೂ ಸಿಗುವುದಿಲ್ಲ. ದೂರದಿಂದ ಬಂದವರ ಸರದಿ ಕೊನೆಗೆ ಬಿದ್ದರೆ ಬೇಜಾರಾಗುವುದು ಸಹಜ.

ಮೂರನೆಯದು ನನಗೆ ನಿಜವಾಗಿ ಬೇಸರ ತಂದದ್ದು. ಕೆಲವು ಸಲ ಅತಿಥಿಗಳು ಬರುತ್ತಾರೆ, ಹೆಸರಿನ ಮುಂದೆ ಎಎಫ್ಐಎಪಿ, ಇಎಫ್ಐಎಪಿ ಅನ್ನುವ ಎಫ್ಐಎಪಿ ಬಿರುದು ಎಲ್ಲ ಇರುವವರು. ಅವತ್ತು ಮಾತು ಪೂರ್ತಿ ಇಂಗ್ಲಿಷಿಗೆ ತಿರುಗುತ್ತದೆ. ನಂಜನಗೂಡು, ಹುಣಸೂರಿನ ಕಡೆಯಿಂದ ಬರುವ ಹುಡುಗರು, ಬೇರೆ ತಿಂಗಳು ಎಲ್ಲರಿಗಿಂತ ಚೂಪಾಗಿ ನೋಡಿ ಮಾತಾಡುವವರು, ಅವತ್ತು ಬಾಯಿ ಬಿಡುವುದಿಲ್ಲ. ಕ್ರಮವೂ ಸಡಿಲವಾಗುತ್ತದೆ. ಸಲಾನ್‌ನಲ್ಲಿ ತೀರ್ಪು ಕೊಟ್ಟು ಅಭ್ಯಾಸ ಇರುವವರು ಕೆಲವೇ ಸೆಕೆಂಡ್ ನೋಡಿ ಅಂಕ ಹೇಳಿಬಿಡುತ್ತಾರೆ. ನೂರಾರು ಫೋಟೊ ನೋಡಬೇಕಾದ ಕಡೆ ಅದು ಬೇಕಾಗಬಹುದು. ಕಲಿಯಲು ಬಂದವನಿಗೆ "ಹದಿನೈದಕ್ಕೆ ಒಂಬತ್ತು" ಅಂದರೆ ಏನು ಉಪಯೋಗ ಹೇಳಿ. ಉಳಿದ ಆರು ಎಲ್ಲಿ ಹೋಯಿತು ಅನ್ನುವುದು ತಾನೇ ಅವನಿಗೆ ಬೇಕಾದದ್ದು. ಅತಿಥಿಗಳ ಕೈಗೂ ಮೇಷ್ಟ್ರು ಅದೇ ಪಾಯಿಂಟರ್ ಕೊಡಬೇಕು.

ಹೆಂಗಸರು ಕಡಿಮೆ, ನಾಲ್ಕೈದು ಜನ ಇದ್ದರೆ ಜಾಸ್ತಿ. ಬಂದವರಿಗೆ ಅಗೌರವ ಎಂದೂ ಆಗಿದ್ದು ನೋಡಿಲ್ಲ, ಮೊಬೈಲಿನ ಫೋಟೊಗಳಿಗೂ ಅಷ್ಟೇ ಹೊತ್ತು ಕೊಡುತ್ತಾರೆ. ಭಾನುವಾರ ಬೆಳಗ್ಗೆ ಹತ್ತು ಗಂಟೆ ಅಂದರೆ ಮನೆಯಲ್ಲಿ ಯಾರಿಗೆ ಬಿಡುವು ಯಾರಿಗೆ ಇಲ್ಲ ಎಲ್ಲರಿಗೂ ಗೊತ್ತಲ್ಲ. ಮಧ್ಯಾಹ್ನ ಮೂರಕ್ಕೆ ಇಟ್ಟರೆ ಇನ್ನೂ ಹತ್ತು ಜನ ಬರುತ್ತಾರೆ ಅಂತ ಅಲ್ಲಿನ ಹೆಂಗಸರೇ ಹೇಳಿದರು.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಕೊಡುತ್ತೇನೆ, ಅತಿಥಿಗಳಿಲ್ಲದ ತಿಂಗಳಾದರೆ ನಾಲ್ಕೂವರೆ. ಫೋಟೊಶಾಪ್ ಕಲಿಯಬೇಕು, ಕ್ಯಾಮೆರಾದ ಬಟನ್ ಗೊತ್ತಾಗಬೇಕು ಅನ್ನುವವರಿಗೆ ಇದು ಸರಿಯಾದ ಜಾಗ ಅಲ್ಲ, ಅದನ್ನು ಇಲ್ಲಿ ಹೇಳಿಕೊಡುವುದಿಲ್ಲ. ಬರೀ ಹೊಗಳಿಕೆ ಬೇಕಿದ್ದವರೂ ಬರಬೇಡಿ. ವರ್ಷಗಟ್ಟಲೆ ತೆಗೆಯುತ್ತಿದ್ದೀರಿ, ಫೋಟೊಗಳು ಒಂದೇ ಥರ ಬರುತ್ತಿವೆ, ಎಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ಗೊತ್ತಾಗುತ್ತಿಲ್ಲ ಅಂದರೆ ಖಂಡಿತ ಬನ್ನಿ.

ಹೋಗುವವರಿಗೆ ಕೆಲವು ವಿಷಯ. ಒಬ್ಬರಿಗೆ ಎರಡು ಫೋಟೊ ಮಾತ್ರ, ಶುಕ್ರವಾರ ಸಂಜೆಯೊಳಗೆ ಕಳಿಸಬೇಕು. ಫೈಲನ್ನು ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಸೆಟ್ಟಿಂಗಿನಲ್ಲೇ ಸೇವ್ ಮಾಡಿ, ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿದರೆ ಬಣ್ಣ ಸಪ್ಪೆಯಾಗಿ ಕಾಣುತ್ತದೆ. ಒಂದು ಫೋಟೊ ನಿಮಗೆ ಇಷ್ಟವಾದದ್ದು ಇರಲಿ, ಇನ್ನೊಂದು ನಿಮಗೇ ಸಮಾಧಾನವಿಲ್ಲದ್ದು ಇರಲಿ, ಎರಡನೆಯದರಲ್ಲೇ ಹೆಚ್ಚು ಸಿಗುತ್ತದೆ. ಸಾಧ್ಯವಿದ್ದರೆ ಒಂದನ್ನು 8x12 ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬನ್ನಿ, ಹೊಳೆಯುವ ಪೇಪರ್ ಬೇಡ, ಟ್ಯೂಬ್‌ಲೈಟ್ ಕೆಳಗೆ ಪ್ರತಿಫಲಿಸುತ್ತದೆ, ಲಸ್ಟರ್ ಅಥವಾ ಮ್ಯಾಟ್ ಕೇಳಿ. ಸರದಿ ಚೀಟಿಯನ್ನು ಬಂದ ಕ್ರಮದಲ್ಲೇ ಬರೆಯುತ್ತಾರೆ, ಹಾಗಾಗಿ ಒಂಬತ್ತೂ ಮುಕ್ಕಾಲಿಗೇ ಅಲ್ಲಿರಿ.